ಗಾಂಜಾಕ್ಕೆ ಪರವಾನಗಿ, ಬೊಕ್ಕಸಕ್ಕೆ ತೆರಿಗೆ: ಬೆಳೆಗಾರರು ಯೋಚಿಸಬೇಕಾದ್ದು



ಗಾಂಜಾದಂಥ ಮಾದಕ ವಸ್ತುಗಳ ಮೇಲಿನ ನಿಷೇಧ ತೆಗೆದು, ಪರವಾನಗಿ ಅಂಗಡಿಗಳಲ್ಲಿ ಮಾರಿಸಿ, ತೆರಿಗೆ ಎತ್ತಬಾರದೇಕೆ ಎಂಬ ಮಾತು ಈಚೆಗೆ ಆಗಾಗ ಕೇಳಿಬರುತ್ತಿದೆ. ಅಡಿಕೆ, ಕಾಫಿಯ ಧಾರಣೆ ಬಿದ್ದ ವರ್ಷ ಈ ಮಾತು ಸಂಘದ ಜಗುಲಿಗೂ ಬರುತ್ತದೆ. "ಅದಕ್ಕೊಂದು ಲೈಸೆನ್ಸು ಕೊಟ್ಟರೆ ನಾವೂ ನಾಲ್ಕು ಸಾಲು ಹಾಕಬಹುದಲ್ಲ" ಎಂದು ಕೆಲವರು ತಮಾಷೆಗೆ ಹೇಳುತ್ತಾರೆ, ಕೆಲವರು ತಮಾಷೆಗಲ್ಲ. ಆದ್ದರಿಂದ ಇಲ್ಲಿ ಎರಡು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ಇದೇನೂ ಹೊಸ ವಿಚಾರವಲ್ಲ. ಬ್ರಿಟಿಷ್ ಸರ್ಕಾರ ಗಾಂಜಾವನ್ನು ಅಬಕಾರಿ ಸರಕನ್ನಾಗಿಯೇ ಇಟ್ಟುಕೊಂಡಿತ್ತು. 1893-94ರಲ್ಲಿ ವಿಚಾರಣೆ ನಡೆಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗವು ಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಿ ಎಂದೇ ಹೇಳಿತು. 1985ರ ನವೆಂಬರಿನಲ್ಲಿ ಎನ್.ಡಿ.ಪಿ.ಎಸ್. ಕಾಯ್ದೆ ಜಾರಿಗೆ ಬಂದ ಮೇಲೆ ಇಡೀ ದೇಶಕ್ಕೆ ಒಂದೇ ನಿಷೇಧವಾಯಿತು.

ನಿಷೇಧ ಮೇಲೋ ತೆರಿಗೆ ಮೇಲೋ ಎಂದು ತಿಳಿಯಲು ಪರದೇಶಕ್ಕೆ ಹೋಗಬೇಕಾಗಿಲ್ಲ. ಹೆಂಡ ಸಾರಾಯಿಯ ವಿಷಯದಲ್ಲಿ ನಮ್ಮ ತುಂಗಭದ್ರೆಯ ಎರಡು ದಡಗಳು ಎರಡನ್ನೂ ಕಂಡಿವೆ. ಹೊಸಪೇಟೆ, ಹಂಪಿ, ಕಂಪ್ಲಿ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1948ರ ಅಕ್ಟೋಬರ್ 2ರ ಹೊತ್ತಿಗೆ ಪ್ರಾಂತದಲ್ಲೆಲ್ಲ ಪಾನನಿರೋಧ ಬಂದಿತ್ತು. ಸಂಡೂರು ಸಂಸ್ಥಾನವೂ 1949ರ ಏಪ್ರಿಲಿನಲ್ಲಿ ಆ ಪ್ರಾಂತದಲ್ಲಿ ವಿಲೀನವಾಯಿತು. ಆದರೆ ಹೊಳೆಯಾಚೆಯ ಆನೆಗೊಂದಿ, ಗಂಗಾವತಿ ಹೈದರಾಬಾದಿಗೆ ಸೇರಿದ ಸೀಮೆ. ಅಲ್ಲಿನ ಬೊಕ್ಕಸಕ್ಕೆ ಅಬಕಾರಿಯೇ ದೊಡ್ಡ ಆಧಾರಗಳಲ್ಲಿ ಒಂದು. ಈ ದಡದಲ್ಲಿ ಅಪರಾಧವಾದದ್ದು ಆ ದಡದಲ್ಲಿ ಆದಾಯ. ನಡುವೆ ಹರಿಗೋಲಿನ ದಾರಿ. ಅಂಥ ಗಡಿಯಲ್ಲಿ ನಿಷೇಧ ಕಾಯುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು. 1967ರಲ್ಲಿ ಪಾನನಿರೋಧ ಸಡಿಲವಾಗಿ ಹರಾಜು, ಗುತ್ತಿಗೆದಾರರ ಕಾಲ ಬಂತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿಯುವವರು ಅಗ್ಗದ ಬಾಟಲಿ ಮದ್ಯಕ್ಕೆ ಹೋದರು. 2025-26ರ ಮುಂಗಡಪತ್ರದಲ್ಲಿ ನಮ್ಮ ರಾಜ್ಯ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಹತೋಟಿಗೆಂದು ಹಾಕಿದ ತೆರಿಗೆ ಇಂದು ಗುರಿಯಾಗಿದೆ. ಜನ ಕುಡಿತ ಬಿಟ್ಟರೆ ಲೆಕ್ಕ ತಪ್ಪುವುದು ಸರ್ಕಾರದ್ದೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಗಾಂಜಾದ ತೆರಿಗೆಯೂ ಈ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದೀತೆಂದು ನಂಬಲು ನಮಗೆ ಕಾರಣ ಕಾಣುತ್ತಿಲ್ಲ.

ಹಾಗೆಂದು ಬರೀ ನಿಷೇಧ ಸಾಕೆಂದೂ ನಾವು ಹೇಳುವುದಿಲ್ಲ. ಅದರ ಕಥೆ ಅಡಿಕೆಯವರಿಗೆ ಚೆನ್ನಾಗಿ ಗೊತ್ತು. 2013ರ ಮೇ 31ರಂದು ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಮರುಗಳಿಗೆಗೆ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಗಿರಾಕಿ ಅಂಗೈಯಲ್ಲಿ ಬೆರೆಸಿಕೊಂಡ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಒತ್ತುವರಿಯ ಕಾರಣಕ್ಕೆ, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ಕೆಡವಲಾಯಿತು. ಪ್ರವಾಸಿಗರ ನಡುವಿನ ಗಾಂಜಾ ವ್ಯಾಪಾರದ ಸುದ್ದಿ ಅಷ್ಟಕ್ಕೇ ನಿಂತಿಲ್ಲ. ಕಟ್ಟಡ ಕೆಡವಬಹುದು, ಗಿರಾಕಿಯ ಚಟವನ್ನು ಜೆಸಿಬಿಯಿಂದ ಕೆಡವಲಾಗದು.

ಹೊರದೇಶಗಳ ಅನುಭವವೂ ಒಂದೇ ತೆರನಾಗಿಲ್ಲ. 2018ರಲ್ಲಿ ಕಾನೂನುಬದ್ಧ ಮಾರಾಟ ತೆರೆದ ಕೆನಡಾದಲ್ಲಿ ಕಳ್ಳ ವ್ಯಾಪಾರ ಬಹಳ ಮಟ್ಟಿಗೆ ತಗ್ಗಿತು, ಅಳಿಯಲಿಲ್ಲ. 2022ರಲ್ಲಿ ನಿಷೇಧ ತೆಗೆದ ಥಾಯ್ಲೆಂಡ್ 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಹಿಂದೆ ಸರಿಯಿತು.

ಇನ್ನು ಲಾಭದ ಆಸೆ. ಸರ್ಕಾರದ ಪರವಾನಗಿಯಲ್ಲಿ ಮಾದಕ ಬೆಳೆ ಬೆಳೆಯುವವರು ಈಗಲೂ ಇದ್ದಾರೆ: ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಅಫೀಮು ರೈತರು. ವಿಸ್ತೀರ್ಣ ಸರ್ಕಾರದ್ದು, ದರ ಸರ್ಕಾರದ್ದು. ಫಸಲನ್ನು ಬೇರೆಯವರಿಗೆ ಮಾರುವಂತಿಲ್ಲ. ನಿಗದಿತ ಇಳುವರಿ ಬಾರದಿದ್ದರೆ ಪರವಾನಗಿಯೇ ಹೋದೀತು. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯನ್ನು ಕಂಡ ನಮ್ಮ ಹಿರಿಯ ಸದಸ್ಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಗಾಂಜಾಕ್ಕೆ ಪರವಾನಗಿ ಬಂದರೂ ಅದು ಬೇಲಿ, ಕಾವಲು, ಪ್ರಯೋಗಾಲಯ ಇಡಬಲ್ಲ ದೊಡ್ಡ ಕಂಪನಿಗಳ ಪಾಲೇ ಹೊರತು ಎರಡು ಎಕರೆಯವನ ಪಾಲಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಮಾರಾಟದ ಅಂಗಡಿ ಬೇಡ, ಅದರ ತೆರಿಗೆಯೂ ಬೇಡ. ಆದರೆ ಸೇದಿ ಕೆಟ್ಟ ಹುಡುಗನನ್ನೂ ಸಾಗಣೆಯ ಸಾಹುಕಾರನನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ವ್ಯಸನಿಯನ್ನು ಚಿಕಿತ್ಸೆಗೆ ಕಳಿಸಲು ಅದೇ ಕಾಯ್ದೆಯ 39 ಮತ್ತು 64-ಎ ಕಲಮುಗಳಲ್ಲಿ ದಾರಿಯಿದೆ. ಆ ದಾರಿ ಬಳಕೆಗೆ ಬರಬೇಕಾದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಸಿಗಬೇಕು. ಈಗಾಗಲೇ ಬರುತ್ತಿರುವ ಅಬಕಾರಿ ಹಣದಲ್ಲಿ ಅದಕ್ಕೊಂದು ಪಾಲು ಕೇಳುವುದು ನ್ಯಾಯ. 2004ರ ವರದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿರುವಾಗ, ಪರರ ಚಟಕ್ಕೆ ಉಪದೇಶ ಹೇಳುವುದಕ್ಕಿಂತ ಚಿಕಿತ್ಸೆಯ ಪರ ನಿಲ್ಲುವುದೇ ನಮಗೆ ಶೋಭೆ.

ಕಡೆಯದಾಗಿ ಒಂದು ಎಚ್ಚರಿಕೆ. ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಇನ್ನೊಬ್ಬರು ನಮ್ಮ ಜಮೀನಿನಲ್ಲಿ ಬೆಳೆದದ್ದು ಗೊತ್ತಿದ್ದೂ ತಿಳಿಸದಿದ್ದರೆ, 46ನೇ ಕಲಮಿನಂತೆ ಜಮೀನಿನ ಯಜಮಾನನೂ ಶಿಕ್ಷಾರ್ಹ. ತೋಟವನ್ನು ಗೇಣಿಗೆ ಕೊಟ್ಟವರು, ದೂರದ ಊರಲ್ಲಿರುವವರು ಆಗಾಗ ಮೂಲೆಮೂಲೆ ನೋಡಿ ಬರುವುದು ಒಳ್ಳೆಯದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಭಿನ್ನಾಭಿಪ್ರಾಯವುಳ್ಳ ಸದಸ್ಯರು ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ