ಆದೇಶ ಕೊಟ್ಟವರು ಯಾರು?

ತಂಗಿಯ ಮಗಳು ಎಂಟನೇ ತರಗತಿ. ವ್ಯಾಕರಣದ ಪುಸ್ತಕ ಬಿಚ್ಚಿಕೊಂಡು ಕೂತಿದ್ದವಳು, ‘ಮಾವ, ಆದೇಶ ಸಂಧೀಲಿ ಆದೇಶ ಕೊಡೋರು ಯಾರು?’ ಎಂದಳು. ತಮಾಷೆಗೆ ಕೇಳಿದ್ದಲ್ಲ. ಅವಳಿಗೆ ಗೊತ್ತಿರುವ ಆದೇಶವೆಂದರೆ ಸರ್ಕಾರದ್ದು, ಕೋರ್ಟಿನದ್ದು. ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವಾಗ ಅಪ್ಪಣೆ ಹೊರಡಿಸಿದವರು ಯಾರೂ ಕಾಣದೆ ಕಂಗಾಲಾಗಿದ್ದಳು. ವ್ಯಾಖ್ಯೆ ಮಾತ್ರ ಒಂದಕ್ಷರ ತಪ್ಪದೆ ಬಾಯಿಗೆ ಬರುತ್ತಿತ್ತು.

ವ್ಯಾಕರಣದಲ್ಲಿ ಆದೇಶ ಅಂದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದು. ಕ, ತ, ಪ ಎದ್ದು ಹೋದಲ್ಲಿ ಗ, ದ, ಬ ಕೂರುತ್ತವೆ. ‘ಬಸ್ಸಲ್ಲಿ ನೀನು ಬಿಟ್ಟ ಸೀಟಿಗೆ ಇನ್ನೊಬ್ಬಳು ಬಂದ ಹಾಗೆ’ ಎಂದೆ. ಉಳಿದದ್ದನ್ನು ಅವಳೇ ಹೇಳಿದಳು: ‘ಊರಲ್ಲಿ ಅನ್ನೋವಾಗ ಉ ಇಳಿದೇ ಹೋಯ್ತು, ಮನೆಯನ್ನು ಅನ್ನೋವಾಗ ಯ ನಡುವೆ ತೂರಿಕೊಳ್ತು.’ ಲೋಪ, ಆಗಮಗಳೂ ಅದೇ ಬಸ್ಸಿನಲ್ಲಿ ಮುಗಿದವು. ‘ಮತ್ತೆ ಮನೆಕೆಲಸವೋ, ಮನೆಗೆಲಸವೋ?’ ಎಂದಾಗ ನಾನು ಕಾಫಿಯ ನೆಪದಲ್ಲಿ ಎದ್ದೆ. ನಮ್ಮ ಮನೆಯಲ್ಲಿ ಎರಡೂ ನಡೆಯುತ್ತವೆ.

ಅವಳ ಪುಸ್ತಕದಲ್ಲಿ ವ್ಯಾಖ್ಯೆಯಿದೆ, ಉದಾಹರಣೆಯಿದೆ. ಆ ಹೆಸರು ಯಾಕೆ ಬಂತು ಎಂಬ ಒಂದು ಸಾಲಿಗೆ ಜಾಗವಿಲ್ಲ. ಛಂದಸ್ಸಿನ ಗುರು ಮೇಷ್ಟ್ರಲ್ಲ, ಭಾರವಾದದ್ದು, ಲಘು ಹಗುರ. ಮಾತ್ರೆ ಜ್ವರಕ್ಕೆ ನುಂಗುವುದೇ ಎಂದು ಮಕ್ಕಳು ನಗುತ್ತಾರೆ. ನಗಲಿ, ಎರಡೂ ಕಡೆ ಮೂಲ ಅರ್ಥ ಅಳತೆಯೇ.

ಹೆಸರಿನಲ್ಲೇ ಜಗಳ ಹೊತ್ತದ್ದು ಅರಿಸಮಾಸ. ಅರಿ ಎಂದರೆ ಹಗೆ. ಸಂಸ್ಕೃತ ಪದವೂ ಕನ್ನಡ ಪದವೂ ಸಮಾಸವಾಗಿ ಕೂಡಬಾರದೆಂಬುದು ಹಳೆಯ ಕಟ್ಟುಪಾಡು. 9ನೇ ಶತಮಾನದ ‘ಕವಿರಾಜಮಾರ್ಗ’ಕ್ಕೆ ಈ ಬೆರಕೆ ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಕಂಡಿತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ನಿಯಮ ಹೇಳಿದರೂ ಗಮಕಸಮಾಸ, ಕ್ರಿಯಾಸಮಾಸ, ಬಿರುದಾವಳಿಗಳಿಗೆ ರಿಯಾಯಿತಿ ಕೊಟ್ಟ. ಹಗೆಯೂ ಕೊನೆಗೆ ಬಳಕೆಗೆ ಮಣಿಯಲೇಬೇಕು.

ಹಾಲು ಒಡೆದ ಕತೆ ಅವಳ ತಲೆಯಲ್ಲಿ ಕೂತಿತು. ಮಾರನೆಯ ದಿನ ಚೀಲ ಇಳಿಸುವ ಮೊದಲೇ, ‘ಬಸ್ ನಿಲ್ದಾಣವೂ ಅರಿಸಮಾಸವಾ ಮಾವ? ಇಂಗ್ಲಿಷು, ಕನ್ನಡ ಒಟ್ಟಿಗೆ ಕೂತಿವೆ’ ಎಂದಳು.

‘ಕೇಶಿರಾಜ ಬಸ್ಸು ಹತ್ತಿದವನಲ್ಲ ಕಣೇ’ ಎಂದೆ.

‘ಹತ್ತೋದಾಗಿದ್ರೆ ಎಲ್ಲಿ ನಿಂತು ಕಾಯ್ತಿದ್ದ?’