ಹಿತವಚನಕ್ಕೆ ಕಿವಿಗೊಡದ ಅರಸರು

ಗ್ರೀಕರ ರುದ್ರನಾಟಕಗಳ ಮಾತು ಬಂದೊಡನೆ ನಮ್ಮಲ್ಲಿ ಬಲ್ಲವರೆನಿಸಿಕೊಂಡವರೂ ಒಂದು ಸಿದ್ಧ ತೀರ್ಮಾನವನ್ನು ಮುಂದಿಡುವುದುಂಟು: ಅವು ವಿಧಿಯ ಕಥೆಗಳು, ಮನುಷ್ಯನು ಎಷ್ಟು ಹೆಣಗಿದರೂ ದೇವತೆಗಳು ಬರೆದಿಟ್ಟದ್ದೇ ನಡೆಯುವುದೆಂದು ಸಾರುವ ಕಥೆಗಳು, ಕರ್ಮವನ್ನೂ ಪುನರ್ಜನ್ಮವನ್ನೂ ನಂಬಿದ ನಮಗೆ ಅವು ಪರಕೀಯವಾದುವು. ಈ ತೀರ್ಮಾನದ ಮೊದಲ ಭಾಗವೂ ನನಗೆ ಒಪ್ಪಿಗೆಯಿಲ್ಲ, ಎರಡನೆಯದೂ ಒಪ್ಪಿಗೆಯಿಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗೆಗಳ ಆಸರೆಯಲ್ಲಿ ಬಾಳುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನರಿಗಂತೂ ಆ ನಾಟಕಗಳು ಹೊರಗಿನವಾಗಿ ತೋರಬೇಕಾದ ಕಾರಣವೇ ಇಲ್ಲ. ಏಕೆಂದರೆ ದೊಡ್ಡವನೊಬ್ಬನು ತನ್ನ ದೊಡ್ಡ ಗುಣದಿಂದಲೇ ಕೆಟ್ಟುಹೋಗುವ ಕಥೆಯನ್ನು ಕನ್ನಡದಲ್ಲಿ ಅತ್ಯಂತ ಗಂಭೀರವಾಗಿ ಹೇಳಿದ ಇಬ್ಬರು ಕವಿಗಳೂ ಈ ಸೀಮೆಯ ನೆರೆಹೊರೆಯವರೇ.

ಮೊದಲು ಸೊಫೋಕ್ಲಿಸನ ಈಡಿಪಸನನ್ನು ನೋಡೋಣ. ತಂದೆಯನ್ನು ಕೊಂದು ತಾಯಿಯನ್ನು ವರಿಸುವನೆಂಬ ದೈವವಾಣಿ ಮೊದಲೇ ಆಗಿತ್ತೆಂಬುದು ನಿಜ. ಆದರೆ ಕೊಲೆಯಾಗಲಿ ವಿವಾಹವಾಗಲಿ ರಂಗದ ಮೇಲೆ ನಡೆಯುವುದಿಲ್ಲ; ನಾಟಕ ತೊಡಗುವ ವೇಳೆಗೆ ಅವೆರಡೂ ಮುಗಿದು ವರ್ಷಗಳೇ ಕಳೆದಿವೆ. ರಂಗದ ಮೇಲೆ ನಮಗೆ ಕಾಣುವುದು ವಿಚಾರಣೆ ನಡೆಸುವ ಒಬ್ಬ ಅರಸ. ಊರಿಗೆ ಮಾರಿ ಬಡಿದಿದೆ, ಹಳೆಯ ರಾಜನನ್ನು ಕೊಂದವನಾರೆಂದು ತಿಳಿಯಬೇಕಾಗಿದೆ. ಕುರುಡ ಪ್ರವಾದಿ ಟೈರೀಸಿಯಸನು ಮೌನವನ್ನೇ ಬಯಸಿದರೂ ಗದರಿಸಿ ಬಾಯಿ ಬಿಡಿಸುತ್ತಾನೆ. ನುಡಿದ ಮೇಲೆ ಅವನನ್ನು ದ್ರೋಹಿಯೆನ್ನುತ್ತಾನೆ. ಮೈದುನ ಕ್ರಿಯಾನನು ಸಿಂಹಾಸನಕ್ಕೆ ಹೊಂಚುಹಾಕಿರುವನೆಂದು ಸಂಶಯಪಡುತ್ತಾನೆ. ಇನ್ನು ಕೇಳಬೇಡವೆಂದು ರಾಣಿಯೂ, ಹೇಳಿಸಬೇಡವೆಂದು ಮುದಿ ಕುರುಬನೂ ಅಂಗಲಾಚಿದರೂ ನಿಲ್ಲುವುದಿಲ್ಲ. ಈ ಹಟಮಾರಿತನವನ್ನು ಯಾವ ದೈವವಾಣಿಯೂ ವಿಧಿಸಿರಲಿಲ್ಲ. ಸತ್ಯವನ್ನು ಕಂಡೇ ತೀರುವೆನೆಂಬ ಅವನ ಹಿರಿಮೆಯೂ, ಎದುರಾಡಿದವರೆಲ್ಲ ವೈರಿಗಳೆಂಬ ಅವನ ಕುರುಡೂ ಒಂದೇ ಬೇರಿನಿಂದ ಹುಟ್ಟಿದುವು. ಅಪೊಲೊ ದೇವನು ತನ್ನ ಮೇಲೆ ದುಃಖವನ್ನು ತಂದನಾದರೂ ಕಣ್ಣನ್ನು ಇರಿದ ಕೈ ತನ್ನದೇ ಎಂದು ಕಡೆಯಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ. ವಿಧಿಯ ಮೇಲೆ ಭಾರ ಹಾಕಲು ಈಡಿಪಸನಿಗಿಂತ ಹೆಚ್ಚಿನ ಅರ್ಹತೆ ಯಾರಿಗಿತ್ತು? ಆದರೂ ಅವನು ಹಾಗೆ ಮಾಡಲಿಲ್ಲ.

ಈಗ ರಾಯಬಾಗದಿಂದ ಪೂರ್ವಕ್ಕೆ ಮುಧೋಳದ ಕಡೆ ಹೊರಳಬಹುದು. 949ರಲ್ಲಿ ಅಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿದ್ದು, ಆ ಅರಸನನ್ನು ಭೀಮನಿಗೆ ಸಮೀಕರಿಸಿ ‘ಸಾಹಸಭೀಮವಿಜಯ’ವೆಂಬ ‘ಗದಾಯುದ್ಧ’ವನ್ನು ರಚಿಸಿದನು. ಹೆಸರೇ ಸಾರುವಂತೆ ಭೀಮನು ಗೆಲ್ಲಬೇಕು, ಗೆಲ್ಲುತ್ತಾನೆ. ಆದರೆ ಓದುಗನ ಮನಸ್ಸು ಹೋಗಿ ನಿಲ್ಲುವುದು ಸೋಲುವವನ ಬಳಿ. ಸಂಜಯನ ಕೈಹಿಡಿದು ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಶರಶಯ್ಯೆಯ ಭೀಷ್ಮನೆಡೆಗೆ ನಡೆಯುವ ದುರ್ಯೋಧನನು ದಾರಿಯಲ್ಲಿ ಗುರುವನ್ನು ಕಾಣುತ್ತಾನೆ, ಮಗನನ್ನು ಕಾಣುತ್ತಾನೆ, ತಮ್ಮನನ್ನೂ ಪ್ರಾಣಮಿತ್ರ ಕರ್ಣನನ್ನೂ ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ಕೈಮುಗಿದು ಅವನ ಪರಾಕ್ರಮವನ್ನು ಕೊಂಡಾಡುತ್ತಾನೆ. ಇಷ್ಟು ಉದಾರನಾದವನು ತಂದೆತಾಯಿಗಳು ಬೇಡಿದರೂ, ಭೀಷ್ಮನು ಹೇಳಿದರೂ ಸಂಧಿಯ ಮಾತಿಗೆ ಮಾತ್ರ ಒಪ್ಪುವುದಿಲ್ಲ. ಕೊಳದ ನೀರಿನಲ್ಲಿ ಅಡಗಿದ್ದವನು ಭೀಮನ ಮೂದಲಿಕೆಗೆ ಆ ತಣ್ಣೀರಿನೊಳಗೇ ಬೆವತನೆಂದು ರನ್ನನು ಹೇಳುವಲ್ಲಿ, ಛಲವು ಈ ಮನುಷ್ಯನ ಗುಣವೋ ದೋಷವೋ ಎಂದು ನಿರ್ಣಯಿಸುವ ಗೋಜಿಗೆ ಕವಿಯು ಹೋಗಿಲ್ಲ. ಅದು ಎರಡೂ ಹೌದು.

ಗೆದ್ದವರ ಪಕ್ಷದಲ್ಲಿದ್ದು ಸೋತವರ ಶೋಕವನ್ನು ಬರೆಯುವ ಈ ಔದಾರ್ಯವು ಗ್ರೀಸಿನಲ್ಲಿಯೂ ಇತ್ತು. ಪರ್ಷಿಯನ್ನರ ವಿರುದ್ಧ ಮ್ಯಾರಥಾನಿನಲ್ಲಿ ಸ್ವತಃ ಕಾದಿದ ಈಸ್ಕಿಲಸನು ಕ್ರಿ.ಪೂ. 472ರಲ್ಲಿ ಅಥೆನ್ಸಿನ ಜನರ ಮುಂದೆ ಆಡಿಸಿದ್ದು ಪರ್ಷಿಯದ ಅರಮನೆಯ ರೋದನವನ್ನು. ಈ ಬಾಂಧವ್ಯವನ್ನು ಮೊದಲು ಕಂಡು ಕನ್ನಡಕ್ಕೆ ತೋರಿಸಿಕೊಟ್ಟವರು ಬಿ.ಎಂ. ಶ್ರೀಕಂಠಯ್ಯನವರು: 1926ರಲ್ಲಿ ರನ್ನನ ಕಾವ್ಯವನ್ನೇ ನಾಟಕವಾಗಿ ಸಂಯೋಜಿಸಿದರು, 1929ರಲ್ಲಿ ಸೊಫೋಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿಸಿದರು, 1935ರಲ್ಲಿ ಈಸ್ಕಿಲಸನ ಆ ನಾಟಕವನ್ನು ‘ಪಾರಸಿಕರು’ ಎಂದು ತಂದರು. ಚಿರಂಜೀವಿಯೆನಿಸಿದ ಅಶ್ವತ್ಥಾಮನನ್ನು ರಂಗದ ಮೇಲೆ ಸಾಯಿಸಬಹುದೆ ಎಂದು ಪುರಾಣನಿಷ್ಠರಿಗೆ ಕೋಪ ಬರುವುದು ಸಹಜ. ನನಗಾದರೋ ಆ ಧೈರ್ಯವೇ ಆ ನಾಟಕದ ಜೀವವೆಂದು ತೋರುತ್ತದೆ.

ಅಥಣಿಯ ಇನ್ನೊಂದು ಮಗ್ಗುಲಿನ ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದ ಜೈನ ಕವಿ ನಾಗಚಂದ್ರನ ರಾವಣನು ನಮ್ಮ ಸೀಮೆಗೆ ಇನ್ನಷ್ಟು ಹತ್ತಿರದವನು. ಆಚಾರ್ಯ ಶಾಂತಿಸಾಗರರ ಭೋಜ, ವಿದ್ಯಾನಂದ ಮುನಿಗಳು ಹುಟ್ಟಿದ ಶೇಡಬಾಳ, 1946ರಲ್ಲಿ ವಿದ್ಯಾಸಾಗರರು ಹುಟ್ಟಿದ ಸದಲಗ ಇವೆಲ್ಲ ಇಲ್ಲಿಯ ಊರುಗಳು. ಕರ್ಮವು ಹೊರಗಿನಿಂದ ಯಾರೋ ಹಣೆಯ ಮೇಲೆ ಬರೆದದ್ದಲ್ಲ, ತಾನೇ ಕಟ್ಟಿಕೊಂಡದ್ದು, ಉದಯಕ್ಕೆ ಬಂದಾಗ ತಾನೇ ಉಣ್ಣತಕ್ಕದ್ದು, ತಪಸ್ಸಿನಿಂದ ತಾನೇ ನಿರ್ಜರೆ ಮಾಡತಕ್ಕದ್ದು ಎಂದು ಬಸದಿಯ ಪ್ರವಚನದಲ್ಲಿ ಕೇಳುತ್ತ ಬೆಳೆದ ಒಕ್ಕಲಿಗರು ಇಲ್ಲಿ ಅಸಂಖ್ಯರಿದ್ದಾರೆ. ಜೈನ ಪುರಾಣದ ಲೆಕ್ಕದಂತೆ ರಾವಣನು ಪ್ರತಿವಾಸುದೇವ; ವಾಸುದೇವನಾದ ಲಕ್ಷ್ಮಣನ ಕೈಯಲ್ಲಿ, ಅದೂ ತನ್ನದೇ ಚಕ್ರದಿಂದ ಅವನು ಸಾಯಬೇಕೆಂಬುದು ಮೊದಲೇ ನಿಶ್ಚಿತ. ಗ್ರೀಕರ ದೈವವಾಣಿಗೆ ಇದೇನೂ ಕಡಮೆಯಲ್ಲ. ಆದರೂ ನಾಗಚಂದ್ರನ ರಾವಣನು ಪರಸ್ತ್ರೀಯನ್ನು ಅವಳ ಇಚ್ಛೆಗೆ ವಿರೋಧವಾಗಿ ಮುಟ್ಟೆನೆಂಬ ವ್ರತವನ್ನು ತೊಟ್ಟವನು, ಸೀತೆಯ ವಿಷಯದಲ್ಲಿ ಮನಸ್ಸು ಜಾರಿಯೂ ಆ ವ್ರತವನ್ನು ಕಾಯ್ದವನು, ಅವಳ ಸಂಕಟವನ್ನು ಕಣ್ಣಾರೆ ಕಂಡು ಪಶ್ಚಾತ್ತಾಪದಿಂದ ಕರಗಿದವನು. ಅವಳನ್ನು ರಾಮನಿಗೆ ಒಪ್ಪಿಸಬೇಕೆಂದು ನಿಶ್ಚಯಿಸಿಯೂ ಬಿಡುತ್ತಾನೆ. ಈಗಲೇ ಒಪ್ಪಿಸಿದರೆ ಲೋಕವು ಅಂಜಿದನೆನ್ನುವುದು, ಆದುದರಿಂದ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದ ಮೇಲೆ ಒಪ್ಪಿಸುವೆನು ಎಂದು ಅದಕ್ಕೊಂದು ಕಟ್ಟು ಹಾಕಿಕೊಳ್ಳುತ್ತಾನೆ. ಆ ಒಂದು ಕಟ್ಟಿಗೆ ಲಂಕೆ ಬಲಿಯಾಯಿತು. ಹಿತ ನುಡಿದ ವಿಭೀಷಣನು ಆ ವೇಳೆಗೆ ವೈರಿಯ ಪಾಳೆಯದಲ್ಲಿದ್ದನು.

ಜೈನ ಕವಿಗೆ ಒಂದು ಸಮಾಧಾನವುಂಟು: ರಾವಣನಿಗೆ ನರಕದ ನಂತರ ಬೇರೆ ಜನ್ಮಗಳಿವೆ, ಎಂದೋ ಒಂದು ದಿನ ಮುಕ್ತಿಯೂ ಇದೆ. ಗ್ರೀಕ್ ನಾಯಕನಿಗೆ ಈ ಒಂದೇ ಜನ್ಮ. ಅವನ ಪತನವು ನಮ್ಮನ್ನು ಹೆಚ್ಚು ನಡುಗಿಸುವುದು ಇದರಿಂದಲೇ ಇರಬಹುದು.

ಪುರಾಣದ ಮೂಲಕ ಅಧಿಕಾರವನ್ನು ನೋಡುವ ಬೇರೊಂದು ಬಗೆಯೂ ಈ ಗಡಿಯಲ್ಲಿ ಪರಿಚಿತವೇ. ಕಾಗವಾಡದಾಚೆಯ ಸಾಂಗ್ಲಿಯ ಖಾಡಿಲಕರರು 1907ರಲ್ಲಿ ‘ಕೀಚಕವಧ’ ನಾಟಕವನ್ನು ಬರೆದು ಕೀಚಕನಲ್ಲಿ ಲಾರ್ಡ್ ಕರ್ಜನನನ್ನು ತೋರಿಸಿದರು, ಸರಕಾರವು 1910ರಲ್ಲಿ ಅದನ್ನು ನಿಷೇಧಿಸಿತು. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕೀಚಕನು ಬರಿಯ ಖಳ. ಅವನು ಸತ್ತೊಡನೆ ಪ್ರೇಕ್ಷಕನು ಚಪ್ಪಾಳೆ ತಟ್ಟಿ ಹಗುರಾಗಿ ಮನೆಗೆ ಹೋಗಬಹುದು. ದುರ್ಯೋಧನನು ಹಾಗೆ ಹೋಗಗೊಡುವುದಿಲ್ಲ. ನಮ್ಮ ಮುಂದಾಳುಗಳನ್ನು ನಾವು ಒಂದೋ ಹಾರ ಹಾಕಿ ದೇವರಾಗಿಸುತ್ತೇವೆ, ಇಲ್ಲವೇ ಕೀಚಕರಾಗಿಸುತ್ತೇವೆ. ರನ್ನನ ಕಣ್ಣಿನಿಂದ ನೋಡುವ ತಾಳ್ಮೆ ನಮ್ಮ ಪತ್ರಿಕೆಗಳಿಗೂ ಇಲ್ಲ, ಕಟ್ಟೆಯ ಹರಟೆಗೂ ಇಲ್ಲ.

ಆ ತಾಳ್ಮೆಯನ್ನು ನಾಟಕವು ಕಲಿಸಬಲ್ಲದು. 1972ರಲ್ಲಿ ಬೆಂಗಳೂರಿನಲ್ಲಿ ಬಿ.ವಿ. ಕಾರಂತರು ಲಂಕೇಶರು ಅನುವಾದಿಸಿದ ‘ಈಡಿಪಸ್’ ಮತ್ತು ಅವರದೇ ‘ಸಂಕ್ರಾಂತಿ’ಯೊಡನೆ ಆಡಿಸಿದ ‘ಜೋಕುಮಾರಸ್ವಾಮಿ’ಯು ಚಿಕ್ಕೋಡಿಗೆ ಹೊಂದಿದ ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಕಂಬಾರರದು, ನಮ್ಮ ಕಡೆಯ ಮಾತಿನದು. ‘ಈಡಿಪಸ್’ನಲ್ಲಿ ಅರಸನ ಪಾಪದಿಂದ ಬಂಜೆಯಾದ ನೆಲ, ‘ಜೋಕುಮಾರಸ್ವಾಮಿ’ಯಲ್ಲಿ ಕಂಡವರ ಹೊಲ ಕಬಳಿಸಿದ ಸಂತಾನವಿಲ್ಲದ ಗೌಡ. ಹಾಗಿದ್ದ ಮೇಲೆ ಇಲ್ಲಿಯ ಜಾತ್ರೆಗಳಲ್ಲಿ ಇಂದಿಗೂ ಶ್ರೀಕೃಷ್ಣಪಾರಿಜಾತವನ್ನೂ ಸಾಮಾಜಿಕ ನಾಟಕಗಳನ್ನೂ ಬೆಳಗಿನವರೆಗೆ ನೋಡುವ ಜನಕ್ಕೆ, ಇದೇ ನುಡಿಯಲ್ಲಿ ರಾವಣನ ಕಡೆಯ ರಾತ್ರಿಯನ್ನೋ ಕ್ರಿಯಾನನ ದರ್ಬಾರನ್ನೋ ಏಕೆ ಆಡಿ ತೋರಿಸಬಾರದು?

ಕ್ರಿಯಾನನ ಹೆಸರೆತ್ತಿದ್ದಕ್ಕೆ ಕಾರಣವಿದೆ. 2005ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಹೊಳೆ ಬಂದು ಈ ತಾಲೂಕುಗಳ ಊರುಗಳು ಮುಳುಗಿದಾಗ ಕೇಳಿಬಂದದ್ದು ಪ್ರಕೃತಿ ಮುನಿದಳೆಂಬ, ಹಣೆಯಲ್ಲಿ ಬರೆದದ್ದು ತಪ್ಪದೆಂಬ ಮಾತು. ಹೊಲ ಮನೆ ಕಳೆದುಕೊಂಡ ಮುದುಕಿಯೊಬ್ಬಳು ಹಾಗೆಂದರೆ ಅದು ಅವಳ ಧೈರ್ಯ. ನಿರ್ಣಯಿಸುವ ಅಧಿಕಾರವಿದ್ದವರು ಅದನ್ನೇ ನುಡಿದರೆ ಅದಕ್ಕೆ ಬೇರೆ ಹೆಸರಿದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ಮುಳುಗುವುದನ್ನು ತಿಳಿಯಲು ಟೈರೀಸಿಯಸನೇ ಬರಬೇಕಾಗಿಲ್ಲ, ರಾಜಾಪುರ ಬ್ಯಾರೇಜಿನಿಂದ ಬಿಟ್ಟ ನೀರಿನ ಕ್ಯೂಸೆಕ್ ಲೆಕ್ಕವೇ ಸಾಕು. ‘ಅಂತಿಗೊನೆ’ ನಾಟಕದಲ್ಲಿ ಅರಸನಾದ ಕ್ರಿಯಾನನು ಮಗನ ಮಾತನ್ನೂ ಪ್ರವಾದಿಯ ಮಾತನ್ನೂ ತಳ್ಳಿ, ಕೊನೆಗೆ ಬೆದರಿ ಊರ ಹಿರಿಯರನ್ನು ಏನು ಮಾಡಲೆಂದು ಕೇಳುತ್ತಾನೆ. ಮೊದಲು ಗುಹೆಯಲ್ಲಿ ಮುಚ್ಚಿಸಿದ ಅಂತಿಗೊನೆಯನ್ನು ಬಿಡಿಸು, ಆಮೇಲೆ ಸತ್ತ ಅವಳ ಸೋದರನಿಗೆ ಸಂಸ್ಕಾರ ಮಾಡು ಎಂದು ಅವರು ಸ್ಪಷ್ಟವಾಗಿಯೇ ಹೇಳುತ್ತಾರೆ. ಅವನು ಮೊದಲು ಹೋದದ್ದು ಶವದ ಕಡೆಗೆ. ಅದನ್ನು ತೊಳೆದು, ಸುಟ್ಟು, ಮಣ್ಣಿನ ದಿಬ್ಬ ಕಟ್ಟಿಸಿ ಗುಹೆಯ ಬಾಯಿಗೆ ಬರುವ ವೇಳೆಗೆ ಅಂತಿಗೊನೆ ನೇಣು ಹಾಕಿಕೊಂಡಿದ್ದಳು. ಈ ತಡವನ್ನು ಯಾವ ದೇವತೆಯೂ ಆಜ್ಞಾಪಿಸಿರಲಿಲ್ಲ.