ಪಾದೆ ನೋಡಿ ಗಾಳ ಆರಿಸಿ

ಮಳೆಗಾಲ ಮುಗಿದು ಕಡಲಿನ ಕೆಂಪು ನೀರು ತಿಳಿಯಾಯಿತೆಂದರೆ ಸಾಕು, ಮಂಜೇಶ್ವರದಿಂದ ತೆಂಕಕ್ಕೆ ಉಪ್ಪಳ, ಕುಂಬಳೆ, ಮೊಗ್ರಾಲ್, ಕಾಸರಗೋಡಿನವರೆಗೂ ಕಡಲಕೊರೆತದ ತಡೆಗೋಡೆಯ ಕಲ್ಲುಗಳ ಮೇಲೆ, ಮೀನುಗಾರಿಕಾ ಬಂದರಿನ ಅಲೆತಡೆಗೋಡೆಯ ತುದಿಯಲ್ಲಿ ಸಂಜೆ ಹೊತ್ತು ಗಾಳದ ಕೋಲುಗಳು ಕಾಣಿಸತೊಡಗುತ್ತವೆ. ಗಡಿ ದಾಟಿ ಉಳ್ಳಾಲದ ಸೋಮೇಶ್ವರದ ಬಂಡೆಗಳಿಗೆ ಬೈಕಿನಲ್ಲಿ ಹೋಗುವವರೂ ಇದ್ದಾರೆ. ಮೊದಲೆಲ್ಲ ಇದು ಹೊಳೆಬದಿಯ ಹವ್ಯಾಸವಾಗಿತ್ತು. ಒಂದು ಬಿದಿರ ಕೋಲು, ನಾಲ್ಕು ಎರೆಹುಳ, ತಪ್ಪಿದರೆ ಹಿಡಿ ಸಿಗಡಿ ಇದ್ದರೆ ಆಯಿತು. ಈಗ ಎರೆಯ ಜಾಗಕ್ಕೆ ಮರ, ಪ್ಲಾಸ್ಟಿಕ್, ಲೋಹದಲ್ಲಿ ಮಾಡಿದ ಸುಳ್ಳು ಮೀನು ಬಂದಿದೆ. ಅದಕ್ಕೆ ಲೂರ್ ಎಂಬ ಹೆಸರೇ ಇಲ್ಲಿಯೂ ನಿಂತಿದೆ. ಗಲ್ಫ್‌ನಿಂದ ರಜೆಗೆ ಬರುವ ಅಣ್ಣನೋ ಭಾವನೋ ಪೆಟ್ಟಿಗೆಯಲ್ಲಿ ಒಂದು ರೀಲ್ ತಂದುಕೊಟ್ಟರೆ ಮನೆಯ ಹುಡುಗ ಮಾರನೆಯ ದಿನವೇ ಪಾದೆ ಹತ್ತುತ್ತಾನೆ.

ಹತ್ತಲಿ, ಅದರಲ್ಲಿ ತಪ್ಪೇನಿಲ್ಲ. ಮೊಬೈಲು ಹಿಡಿದು ಮೂಲೆಯಲ್ಲಿ ಕೂರುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಅವನ ಕೈಯಲ್ಲಿರುವ ಸಾಮಾನು ಹೊಳೆಯದ್ದು, ನಿಂತಿರುವ ಜಾಗ ಕಡಲಿನದ್ದು. ತೊಂದರೆ ಶುರುವಾಗುವುದೇ ಅಲ್ಲಿ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಯಾವ ಕಂಪೆನಿ ಒಳ್ಳೆಯದು, ಎಷ್ಟು ದೂರ ಹೋಗುತ್ತದೆ. ದೊಡ್ಡ ಮೀನಿನ ಆಸೆಯಿಂದ ಪಾದೆಗೆ ಹೋಗುವವನು ಕೇಳಬೇಕಾದದ್ದು ಬೇರೆ. ನಿಲ್ಲುವ ಕಲ್ಲು ನೀರಿನಿಂದ ಎಷ್ಟು ಎತ್ತರದಲ್ಲಿದೆ? ಕಾಲಬುಡದಿಂದ ತೆರೆ ಒಡೆಯುವ ಜಾಗಕ್ಕೆ ಎಷ್ಟು ಅಂತರ? ನಡುವೆ ನೀರಿನಡಿ ಎಷ್ಟು ಬಂಡೆ? ಸಿಕ್ಕಿದ ಮೀನನ್ನು ಎಲ್ಲಿಂದ ಮೇಲೆತ್ತುವುದು? ಈ ನಾಲ್ಕಕ್ಕೆ ಉತ್ತರ ಗೊತ್ತಾದ ಮೇಲೆ ಕೋಲಿನ ಉದ್ದ, ದಾರದ ದಪ್ಪ, ರೀಲಿನ ಗಾತ್ರ ತಾನಾಗಿ ತೀರ್ಮಾನವಾಗುತ್ತದೆ. ಇದನ್ನು ಬಿಟ್ಟು ಕೋಲಿನಿಂದ ಶುರು ಮಾಡಿದರೆ ಕೋಲಿನ ಕೊರತೆಯನ್ನು ಕಾಲು ತುಂಬಬೇಕಾಗುತ್ತದೆ. ಕೋಲು ಗಿಡ್ಡವಾದರೆ ದಾರ ಎದುರಿನ ಕಲ್ಲಿಗೆ ತಾಗುತ್ತದೆ, ತಾಗದಿರಲಿ ಎಂದು ಹುಡುಗ ಎರಡು ಹೆಜ್ಜೆ ಮುಂದೆ ಹೋಗುತ್ತಾನೆ. ದಾರ ಸಪೂರವಾದರೆ ಮೀನನ್ನು ಎಳೆದು ಎತ್ತುವ ಧೈರ್ಯ ಬರುವುದಿಲ್ಲ, ಕೈಯಲ್ಲಿ ಹಿಡಿಯಲು ಪಾಚಿಗಟ್ಟಿದ ಕೆಳಗಿನ ಕಲ್ಲಿಗೆ ಇಳಿಯುತ್ತಾನೆ. ಪಾದೆಯಿಂದ ಜಾರುವುದು ಹೆಚ್ಚಾಗಿ ಗಾಳ ಎಸೆಯುವಾಗ ಅಲ್ಲ, ಮೀನು ಸಿಕ್ಕಿದ ಮೇಲಿನ ಆ ಗಡಿಬಿಡಿಯಲ್ಲಿ.

ಈ ಭಾಗದ ಪಾದೆಯಂಚಿನಲ್ಲಿ, ಅಳಿವೆ ಬಾಗಿಲಿನಲ್ಲಿ ಸಿಗುವ ದೊಡ್ಡ ಮೀನುಗಳೂ ಸಾಧಾರಣದವಲ್ಲ. ಮಲಯಾಳದಲ್ಲಿ ವಟ್ಟ ಎನ್ನುವ ಟ್ರೆವಲಿ ಗಾಳ ಕಚ್ಚಿದ ಕೂಡಲೇ ತಲೆ ತಗ್ಗಿಸಿ ಬಂಡೆಯ ಕಡೆಗೇ ಓಡುತ್ತದೆ. ಗಲ್ಫ್‌ನಲ್ಲಿದ್ದವರು ಹಮೂರ್ ಎಂದು ಕರೆಯುವ ಮೀನು ಕಚ್ಚಿದ ಕ್ಷಣವೇ ಕಲ್ಲಿನ ಪೊಟರೆಗೆ ನುಗ್ಗಿದರೆ ಮತ್ತೆ ಅದನ್ನು ಹೊರಗೆ ತರುವುದು ಬಹಳ ಕಷ್ಟ. ಚೆಂಪಲ್ಲಿಯದ್ದೂ ಅದೇ ಸ್ವಭಾವ. ಕಾಳಾಂಜಿ ನೀರಿನಿಂದ ಮೇಲೆ ಹಾರಿ ತಲೆ ಕೊಡವಿ ಗಾಳವನ್ನೇ ಉದುರಿಸುತ್ತದೆ, ಅದರ ಕಿವಿರಿನ ಮುಚ್ಚಳದ ಅಂಚು ಕತ್ತಿಯಂತೆ ಕೊಯ್ಯುತ್ತದೆ. ಅಂದರೆ ಇಲ್ಲಿ ಮೀನನ್ನು ದಣಿಸುವಷ್ಟು ಹೊತ್ತು ಆಟ ಆಡಿಸುವ ಅವಕಾಶ ಇಲ್ಲ. ಮೊದಲ ಹತ್ತು ಸೆಕೆಂಡಿನಲ್ಲಿ ಅದರ ತಲೆಯನ್ನು ಬಂಡೆಯಿಂದ ಆಚೆಗೆ ತಿರುಗಿಸಲು ಆಗದಿದ್ದರೆ ಕತೆ ಮುಗಿಯಿತು.

ಹಾಗಾಗಿ ಪಾದೆಗೆ ಒಂಬತ್ತರಿಂದ ಹತ್ತು ಅಡಿಯ ಕೋಲು ಬೇಕು. ಹೊಳೆಗೆ ತೆಗೆದುಕೊಂಡ ಆರೂವರೆ ಏಳು ಅಡಿಯದ್ದು ದಾರವನ್ನು ಎದುರಿನ ಬಂಡೆಯ ಮೇಲಿಂದ ಎತ್ತಿ ಹಿಡಿಯುವುದಿಲ್ಲ. ಹನ್ನೆರಡು ಅಡಿಯದ್ದು ಎರೆ ಹಾಕಿ ಕಾಯುವವರಿಗೆ ಸರಿ. ಲೂರ್ ಹಾಕುವವರು ಗಂಟೆಗೆ ಎಷ್ಟೋ ಸಲ ಎಸೆದು ಎಳೆಯಬೇಕು, ಅಷ್ಟು ಉದ್ದದ್ದನ್ನು ಹಿಡಿದರೆ ಭುಜ ಕೆಲಸ ಬಿಡುತ್ತದೆ. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಆ ಕೋಲು ಎಷ್ಟು ಗ್ರಾಂ ತೂಕ ಎಸೆಯಬಲ್ಲದು ಎಂದು ಬರೆದಿರುತ್ತದೆ. 30ರಿಂದ 80 ಗ್ರಾಂ ಅಥವಾ ಅದರ ಆಸುಪಾಸಿನದ್ದು ಇಲ್ಲಿಗೆ ಸಾಕು. ಬಣ್ಣ ನೋಡುವ ಮೊದಲು ಈ ಸಾಲನ್ನು ಓದಬೇಕು. ರೀಲ್ 5000ದಿಂದ 8000 ನಂಬರಿನ ಒಳಗಿರಲಿ. ಒಂದು ಕಂಪೆನಿಯ 6000 ಇನ್ನೊಂದರ 6000ಕ್ಕೆ ಸಮ ಅಲ್ಲ. ನಂಬರಿಗಿಂತ ಅದರಲ್ಲಿ ದಪ್ಪ ದಾರ 250 ಮೀಟರಾದರೂ ಹಿಡಿಸುತ್ತದೋ ಎಂದು ಕೇಳುವುದು ಲೇಸು. ಉಪ್ಪುನೀರಿಗೆ ತಡೆಯುವಂಥದ್ದೋ ಎಂದೂ ಕೇಳಬೇಕು. ಮನೆಗೆ ಬಂದು ಸಿಹಿನೀರು ಚಿಮುಕಿಸಿ ಒರೆಸದಿದ್ದರೆ ಎಂಥ ರೀಲಾದರೂ ಎರಡು ತಿಂಗಳಲ್ಲಿ ಕಿರ್ರೆನ್ನುತ್ತದೆ.

ದಾರದ ವಿಷಯಕ್ಕೆ ಬಂದರೆ ಇಲ್ಲಿಯೇ ಹೆಚ್ಚಿನವರು ದುಡ್ಡು ಉಳಿಸಲು ಹೋಗುವುದು, ಇಲ್ಲಿಯೇ ಮೀನು ಕಳೆದುಕೊಳ್ಳುವುದು. ಈಗ ಎಲ್ಲರೂ ಕೇಳುವುದು ಜಡೆಯಂತೆ ನೇಯ್ದ ಬ್ರೇಡ್ ದಾರ. ಸಪೂರ, ಭಾರೀ ಶಕ್ತಿ, ದೂರ ಹೋಗುತ್ತದೆ, ಎಲ್ಲ ಸರಿ. ಅದರ ಡಬ್ಬಿಯ ಮೇಲೆ ಪಿಇ ಎಂದು ಬರೆದ ನಂಬರು ದಾರದ ದಪ್ಪದ್ದು, ಶಕ್ತಿಯದ್ದಲ್ಲ. ಶಕ್ತಿಯನ್ನು ಪೌಂಡಿನಲ್ಲಿ ಹೇಳುತ್ತಾರೆ. ಪಾದೆಗೆ ಪಿಇ 3 ಅಥವಾ 4, ಶಕ್ತಿ 40ರಿಂದ 60 ಪೌಂಡು ಇರಲಿ. ಐವತ್ತು ಪೌಂಡು ಅಂದರೆ ಸುಮಾರು 22 ಕಿಲೋ. ಆದರೆ ಈ ದಾರಕ್ಕೆ ಒಂದು ದೊಡ್ಡ ದೌರ್ಬಲ್ಯ ಉಂಟು. ಬಿಗಿಯಾಗಿ ಎಳೆದಿರುವಾಗ ಕಲ್ಲಿಗೆ ಒಮ್ಮೆ ಉಜ್ಜಿದರೂ ಸಾಕು, ಹತ್ತಿಯ ನೂಲಿನ ಹಾಗೆ ತುಂಡಾಗುತ್ತದೆ. ಪಚ್ಚಿಲೆ, ಸಿಂಪಿ ಅಂಟಿದ ಬಂಡೆಯಾದರೆ ಅದು ಬ್ಲೇಡಿಗೆ ಸಮ.

ಅದಕ್ಕೇ ತುದಿಯಲ್ಲಿ ದಪ್ಪದ ನೈಲಾನ್ ಅಥವಾ ಫ್ಲೋರೋಕಾರ್ಬನ್ ದಾರ ಕಟ್ಟುವುದು. ಲೀಡರ್ ಎನ್ನುವುದು ಇದನ್ನೇ. ಹೊಳೆಯಲ್ಲಿ ಒಂದು ಮೊಳ ಕಟ್ಟಿದರೂ ನಡೆದೀತು, ಪಾದೆಯಲ್ಲಿ ಒಂದೂವರೆ ಎರಡು ಮೀಟರ್ ಬೇಕು, 60ರಿಂದ 100 ಪೌಂಡಿನದ್ದು. ಅದನ್ನು ಬ್ರೇಡಿಗೆ ಜೋಡಿಸಲು ಎಫ್‌ಜಿ ಎಂಬ ಗಂಟು ಉಂಟು. ಸಪೂರವಾಗಿ ಕೂರುತ್ತದೆ, ಕೋಲಿನ ಬಳೆಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕಲಿಯಲು ಒಂದು ಆದಿತ್ಯವಾರ ಹಿಡಿದೀತು. ಮನೆಯ ಜಗಲಿಯಲ್ಲಿ ಕುಳಿತು ಇಪ್ಪತ್ತು ಸಲ ಕಟ್ಟಿ, ಎಳೆದು, ಬಿಚ್ಚಿ ಅಭ್ಯಾಸ ಮಾಡಬೇಕು. ಗಾಳಿಯಲ್ಲಿ, ಮಬ್ಬು ಬೆಳಕಿನಲ್ಲಿ, ಒದ್ದೆ ಬೆರಳಲ್ಲಿ ಮೊದಲ ಸಲ ಕಟ್ಟುತ್ತೇನೆಂದರೆ ಆಗುವ ಹೋಗುವ ಮಾತಲ್ಲ. ಪ್ರತಿ ಮೀನಿನ ನಂತರ ಲೀಡರನ್ನು ಎರಡು ಬೆರಳ ನಡುವೆ ಎಳೆದು ನೋಡಬೇಕು. ಒಂದು ಕಡೆ ತರಿ ತಾಗಿದರೂ ಅಷ್ಟು ಕತ್ತರಿಸಿ ಪುನಃ ಕಟ್ಟುವುದು. ಕತ್ತರಿಸಿದ ತುಂಡನ್ನು ಜೇಬಿಗೆ ಹಾಕಿಕೊಳ್ಳಬೇಕು. ಕಲ್ಲಿನ ಸಂದಿನಲ್ಲಿ ಬಿಟ್ಟ ದಾರ ಹಕ್ಕಿಯ ಕಾಲಿಗೋ ದೋಣಿಯವರ ಬಲೆಗೋ ಸುತ್ತಿಕೊಳ್ಳುತ್ತದೆ. ಬಲೆ ಬಿಡಿಸುವಾಗ ಅದರ ತುದಿಯ ಮುಕ್ಕೊಕ್ಕೆ ಚುಚ್ಚುವುದು ಹೊಟ್ಟೆಪಾಡಿಗೆ ಕಡಲಿಗೆ ಹೋಗುವವನ ಕೈಗೆ.

ರೀಲಿನ ಬಿಗಿಯನ್ನು ಹೆಚ್ಚಿನವರು ಅಂದಾಜಿಗೆ ತಿರುಗಿಸುತ್ತಾರೆ. ಡ್ರ್ಯಾಗ್ ಎನ್ನುವ ಈ ಬಿಗಿ, ಮೀನು ಎಷ್ಟು ಬಲದಿಂದ ಎಳೆದರೆ ದಾರ ಬಿಚ್ಚಿಕೊಳ್ಳಬೇಕು ಎಂಬುದರ ಲೆಕ್ಕ. ದಾರದ ಶಕ್ತಿಯ ನಾಲ್ಕನೇ ಒಂದು ಪಾಲು ಎನ್ನುವುದು ಒಪ್ಪಿತ ಪದ್ಧತಿ. 50 ಪೌಂಡಿನ ದಾರಕ್ಕೆ ಐದೂವರೆ ಕಿಲೋ ಆಯಿತು. ತೂಗಿ ನೋಡಲು ಯಂತ್ರ ಬೇಡ. ಐದು ಲೀಟರಿನ ನೀರಿನ ಕ್ಯಾನು ತುಂಬಿಸಿ ದಾರದ ತುದಿಗೆ ಕಟ್ಟಿ, ರೀಲ್ ಕೈಯಲ್ಲಿ ಹಿಡಿದು ನೇರ ಮೇಲೆತ್ತಿದರೆ ದಾರ ಜಾರಿಯೂ ಜಾರದಂತೆ ಇರಬೇಕು. ಕೋಲು ಬಾಗಿಸಿ ಎತ್ತುವುದಲ್ಲ, ಕೋಲು ಮುರಿದೀತು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಐದು ಕಿಲೋದ ಎಳೆತ ಒದ್ದೆ ಕಲ್ಲಿನ ಮೇಲೆ ನಿಂತವನನ್ನು ಎಷ್ಟು ಅಲುಗಾಡಿಸೀತು ಎಂಬುದು ಮನೆಯಂಗಳದಲ್ಲೇ ಗೊತ್ತಾಗುತ್ತದೆ. ಹತ್ತು ಕಿಲೋ ಬಿಗಿ ಕೊಡುತ್ತದೆ ಎಂದು ಅಂಗಡಿಯಲ್ಲಿ ಹೆಮ್ಮೆಯಿಂದ ತೋರಿಸುವ ರೀಲನ್ನು ಪೂರ್ತಿ ಬಿಗಿದು ಪಾದೆಯ ಅಂಚಿನಲ್ಲಿ ನಿಲ್ಲುವುದು ಜಾಣತನ ಅಲ್ಲ ಮಾರಾಯರೇ.

ಲೂರ್‌ಗಳ ಬಣ್ಣದ ಬಗ್ಗೆ ಅಂಗಡಿಯಲ್ಲಿ ನಡೆಯುವಷ್ಟು ಚರ್ಚೆ ಸೀರೆ ಅಂಗಡಿಯಲ್ಲೂ ನಡೆಯಲಿಕ್ಕಿಲ್ಲ. ಬಣ್ಣದ ಪಾಲು ಚಿಕ್ಕದು. ಯಾವ ಆಳದಲ್ಲಿ ಓಡುತ್ತದೆ, ಅಲ್ಲಿ ಓಡಾಡುವ ಬೂತಾಯಿ, ಬಂಗುಡೆಮರಿಯ ಗಾತ್ರಕ್ಕೆ ಹೊಂದುತ್ತದೋ ಎನ್ನುವುದೇ ಮುಖ್ಯ. ನೀರಿನಡಿ ಬಂಡೆ ತುಂಬಿದ ಕಡೆ ತೇಲುವಂಥದ್ದನ್ನೇ ಆರಿಸಬೇಕು. ಗುಳುಂ ಗುಳುಂ ಸದ್ದು ಮಾಡುವ ಪಾಪರ್, ಮೇಲುನೀರಿನಲ್ಲಿ ಹೊರಳುವ ಸ್ಟಿಕ್‌ಬೈಟ್ ಎಳೆಯುವುದು ನಿಲ್ಲಿಸಿದರೆ ಮೇಲೆಯೇ ಇರುತ್ತವೆ. ಲೋಹದ ಜಿಗ್ ದೂರ ಹೋಗುತ್ತದೆ, ಗಾಳಿಗೂ ಜಗ್ಗುವುದಿಲ್ಲ, ಆದರೆ ಮುಳುಗುತ್ತದೆ. ತುದಿಯಲ್ಲಿ ನೇರ ಆಳ ಇದ್ದರೆ ಸರಿ, ಬಂಡೆಗಳ ನಡುವೆ ಎಸೆದರೆ ಒಂದೊಂದು ಎಸೆತಕ್ಕೆ ಒಂದೊಂದು ಕಲ್ಲಿಗೆ ಅರ್ಪಣೆ. ಅಗ್ಗದ ಲೂರ್‌ಗಳಲ್ಲಿ ಮೈ ಗಟ್ಟಿ ಇದ್ದರೂ ಕೊಕ್ಕೆ, ಬಳೆ ತೀರಾ ಬಡಪಾಯಿ. ದೊಡ್ಡ ಮೀನು ಒಂದು ಸಲ ಜಗ್ಗಿದರೆ ನೆಟ್ಟಗಾಗುತ್ತವೆ. ಅವನ್ನು ತೆಗೆದು ಗಟ್ಟಿ ಬಳೆ, ದಪ್ಪದ ಒಂಟಿ ಕೊಕ್ಕೆ ಹಾಕಿಕೊಂಡರೆ ಕಲ್ಲಿಗೆ ಸಿಗುವುದೂ ಕಡಿಮೆ, ಒದ್ದಾಡುವ ಮೀನಿನ ಬಾಯಿಂದ ಬಿಡಿಸುವಾಗ ಕೈಗೆ ಚುಚ್ಚುವುದೂ ಕಡಿಮೆ. ಇಪ್ಪತ್ತು ಲೂರ್ ಕೊಳ್ಳುವ ದುಡ್ಡಿನಲ್ಲಿ ಐದು ಕೊಂಡು ಉಳಿದದ್ದನ್ನು ಕೊಕ್ಕೆ, ಬಳೆ, ಲೀಡರಿಗೆ ಹಾಕಿದವನಿಗೆ ಮೀನು ದಕ್ಕುತ್ತದೆ.

ಮೀನನ್ನು ಮೇಲೆತ್ತುವ ಸಾಮಾನಿನ ನೆನಪು ಮಾತ್ರ ಅಂಗಡಿಯಲ್ಲಿ ಯಾರಿಗೂ ಬರುವುದಿಲ್ಲ. ಉದ್ದ ಹಿಡಿಯ ಬಲೆಯೋ ಕೊಕ್ಕೆಯೋ ಇಲ್ಲದೆ ಎತ್ತರದ ಪಾದೆಗೆ ಹೋಗುವುದೆಂದರೆ ಕೊಡ ಇದ್ದು ಹಗ್ಗ ಇಲ್ಲದೆ ಬಾವಿಗೆ ಹೋದ ಹಾಗೆ. ಮೀನು ಹತ್ತಿರ ಬಂದ ಮೇಲೆ ಅವಸರ ಸಲ್ಲದು. ಬರುವ ತೆರೆಯೇ ಅದನ್ನು ಎತ್ತಿ ಕಲ್ಲಿನ ಮೇಲೆ ತರುತ್ತದೆ, ಆಗ ದಾರ ಬಿಗಿ ಹಿಡಿದುಕೊಂಡರೆ ತೆರೆ ಹಿಂದೆ ಸರಿಯುವಾಗ ಮೀನು ಕಲ್ಲಿನಲ್ಲೇ ಉಳಿಯುತ್ತದೆ. ತೆರೆ ಹಿಂದೆ ಹೋಗುವಾಗ ಎಳೆದರೆ ದಾರ ತುಂಡಾಗುವುದು ಖಂಡಿತ. ಎರಡು ಮೂರು ಪ್ರಯತ್ನಕ್ಕೂ ಬರಲಿಲ್ಲವೆಂದರೆ ದಾರ ಕತ್ತರಿಸಿ ಬಿಟ್ಟುಬಿಡುವುದು. ಒಂದು ಲೂರ್ ಹೋದೀತು, ಅಷ್ಟೇ. ಈ ಕೆಲಸಕ್ಕೆ ಜತೆಗೊಬ್ಬ ಇರಲೇಬೇಕು. ಒಬ್ಬನೇ ಹೋಗುವ ಗಾಳಗಾರನನ್ನು ಮನೆಯವರು ತಡೆದರೆ ಅದು ಅವರ ಹಕ್ಕು. ಹವಾಯಿ ಚಪ್ಪಲಿ ಪಾದೆಗೆ ಆಗುವುದಿಲ್ಲ, ಪಾಚಿಯಲ್ಲಿ ಹಿಡಿತ ಕೊಡುವ ಅಡಿಯ ಬೂಟು ಬೇಕು. ಲೈಫ್ ಜಾಕೆಟು ಬೇಕು, ಈಜು ಬರುತ್ತದೆ ಎನ್ನುವವನಿಗೂ ಬೇಕು. ತೆರೆ ಎತ್ತಿ ಕಲ್ಲಿಗೆ ಬಡಿದರೆ ಈಜು ಉಪಯೋಗಕ್ಕೆ ಬರುವುದಿಲ್ಲ. ಇನ್ನು, ಈಗಿನ ಕೋಲುಗಳು ಕಾರ್ಬನ್ನಿನವು, ವಿದ್ಯುತ್ ಹರಿಯಲು ಬಿಡುತ್ತವೆ. ಏಪ್ರಿಲ್-ಮೇ ಸಂಜೆಗಳಲ್ಲಿ, ತುಲಾ ಮಳೆಯ ದಿನಗಳಲ್ಲಿ ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ಬಯಲಿನಿಂದ ಹೊರಡಬೇಕು.

ಇಷ್ಟೆಲ್ಲ ಸರಿಯಾಗಿ ಆರಿಸಿದವನನ್ನೂ ಮೋಸ ಮಾಡುವ ಒಂದು ಕಡಲು ಉಂಟು. ಕೇರಳದಲ್ಲಿ ಅದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ, ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆಕಾಶ ತಿಳಿ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನ ಕಳೆದು ಈ ದಡಕ್ಕೆ ಬಂದು ಏರುತ್ತವೆ. 2024ರ ಮಾರ್ಚ್ 31ರಂದು, ಈಸ್ಟರ್ ಆದಿತ್ಯವಾರ, ದಕ್ಷಿಣ ಕೇರಳದ ಕರಾವಳಿಯ ಮನೆಗಳಿಗೆ ನೀರು ನುಗ್ಗಿದ್ದು ಹೀಗೆಯೇ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ, ಅಂದರೆ ಗಾಳದವರು ಪಾದೆಯಲ್ಲಿರುವ ಹೊತ್ತಿನಲ್ಲೇ ಇದು ಬರುವುದು ಹೆಚ್ಚು. ಹತ್ತು ನಿಮಿಷ ಸುಮ್ಮನಿದ್ದ ಕಡಲು ಒಮ್ಮೆಲೇ ಎರಡಾಳು ಮೇಲೆ ಬಂದರೆ ಓಡಲು ಪುರುಸೊತ್ತಿಲ್ಲ. ಕಣ್ಣಿಗೆ ಕಾಣದ ಈ ಅಲೆಯನ್ನು ಮುಂಚಿತವಾಗಿ ಹೇಳಬಲ್ಲದ್ದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಆ ಎಚ್ಚರಿಕೆಯನ್ನು ಜನರಿಗೆ ತಲುಪಿಸುತ್ತದೆ.

ತಲುಪುವುದು ಯಾವ ಭಾಷೆಯಲ್ಲಿ ಎಂಬುದು ಇಲ್ಲಿನ ಪ್ರಶ್ನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಮಲಯಾಳ ಸಲೀಸಾಗಿ ಮಾತಾಡಿಯಾನು, ಆದರೆ ಮೊಬೈಲಿಗೆ ಬಂದ ನಾಲ್ಕು ಸಾಲು ಮಲಯಾಳ ಓದಲು ತಡವರಿಸುತ್ತಾನೆ. ಅವನ ಅಮ್ಮನಿಗಂತೂ ಅಕ್ಷರ ಪರಿಚಯವೇ ಇರುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಹೇಳಿದೆ. ಅರ್ಜಿಗೆ ಸಲ್ಲುವ ಭಾಷೆ ಅಲೆಯ ಎಚ್ಚರಿಕೆಗೆ ಸಲ್ಲದೆ ಇರಲು ಕಾರಣವಿಲ್ಲ. ಕಡಲಬದಿಯ ಪಂಚಾಯತುಗಳು ಬಂದರಿನ ಅಲೆತಡೆಗೋಡೆಗಳ ಬುಡದಲ್ಲಿ, ಜನ ಗಾಳ ಹಾಕುವ ತಡೆಗೋಡೆಗಳ ಬಳಿ ಮಲಯಾಳದ ಜತೆಗೆ ಕನ್ನಡದಲ್ಲೂ ಒಂದು ಫಲಕ ಇಡಬೇಕು. ಆ ದಿನದ ಎಚ್ಚರಿಕೆಯನ್ನು ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಅದರ ಪಕ್ಕದಲ್ಲಿ ಒಂದು ಲೈಫ್ ಬಾಯ್, ಮೂವತ್ತು ಮೀಟರ್ ಹಗ್ಗ ತೂಗಹಾಕಲಿ. ತುಲಾ ಮಳೆ ಹಿಂದೆ ಸರಿದು ಕೋಲುಗಳು ಪುನಃ ಹೊರಗೆ ಬರುವ ಮೊದಲು ಈ ಕೆಲಸ ಮುಗಿಯಬೇಕು.